ಬಾಗಿಲು ತೆಗೆದ ಕೂಡಲೇ ಎದುರಿಗೆ ಏನಿದೆ?

ಯಾವ ಬೀಗವನ್ನಾದರೂ ತೆಗೆಯಲು ಬೀಗದಣ್ಣನಿಗೆ ಎರಡು ನಿಮಿಷ ಸಾಕಾಗುತ್ತಿತ್ತು. ಆದರೆ ತೆಗೆಯುವ ಮುಂಚೆ ಅವನು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಹೇಳಲು ಕೆಲವರಿಗೆ ಹತ್ತು ನಿಮಿಷ ಹಿಡಿಯುತ್ತಿತ್ತು. ಕೀ ಕಳೆದುಕೊಂಡು, ಕೈಯಲ್ಲಿ ಹಾಲಿನ ಪ್ಯಾಕೆಟ್ಟು ಹಿಡಿದು, ತಮ್ಮ ಮನೆಯ ಮೆಟ್ಟಿಲ ಮೇಲೆ ತಾವೇ ಅನಾಥರಂತೆ ಕೂತಿದ್ದ ಜನ ಅವನನ್ನು ಕಂಡೊಡನೆ ಎದ್ದು ನಿಂತು, "ಬೇಗ ತೆಗೀರಿ ಅಣ್ಣಾ" ಎನ್ನುತ್ತಿದ್ದರು. ಅವನು ಚೀಲ ಕೆಳಗಿಟ್ಟು, ಕನ್ನಡಕ ಮೂಗಿನ ಮೇಲೆ ಸರಿಪಡಿಸಿಕೊಂಡು ಕೇಳುತ್ತಿದ್ದ:

"ಬಾಗಿಲು ತೆಗೆದ ಕೂಡಲೇ ಎದುರಿಗೆ ಏನಿದೆ?"

ಚಪ್ಪಲಿ ಸ್ಟ್ಯಾಂಡು, ಒಡೆದ ಕನ್ನಡಿ, ಮಗುವಿನ ಸೈಕಲ್ಲು, ಹೀಗೆ ಏನಾದರೂ ಹೇಳಬೇಕು. ಹೇಳಿದ ಮೇಲೆಯೇ ಅವನ ಎರಡು ತಂತಿಗಳು ಜೇಬಿನಿಂದ ಹೊರಗೆ ಬರುತ್ತಿದ್ದವು. ಬಾಗಿಲು ತೆರೆದ ಮೇಲೆ ಕತ್ತು ಚಾಚಿ, ಹೇಳಿದ್ದು ಹೇಳಿದ ಜಾಗದಲ್ಲೇ ಇದೆಯೇ ಎಂದು ನೋಡಿ, ಇದ್ದರೆ ಮಾತ್ರ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಒಮ್ಮೆ ಒಬ್ಬ ದೊಡ್ಡ ಆಫೀಸರು, ಹನ್ನೊಂದು ವರ್ಷದಿಂದ ಅದೇ ಮನೆಯಲ್ಲಿ ಇದ್ದವನು, ಎಷ್ಟು ತಲೆ ಕೆರೆದುಕೊಂಡರೂ ಎದುರಿಗೆ ಏನಿದೆ ಎಂದು ನೆನಪಾಗದೆ ಹೆಂಡತಿಗೆ ಫೋನ್ ಮಾಡಿ ಕೇಳಿದ. ಹೆಂಡತಿ ಆ ಕಡೆಯಿಂದ ಬೈದದ್ದು ಮೂರನೇ ಮಹಡಿಯವರೆಗೂ ಕೇಳಿಸಿತಂತೆ. ಬೀಗದಣ್ಣ ಆ ಬೈಗುಳವನ್ನೇ ಸಾಕ್ಷಿಯೆಂದು ಒಪ್ಪಿಕೊಂಡು ಬಾಗಿಲು ತೆಗೆದುಕೊಟ್ಟ.

ಅವನು ಹುಟ್ಟಿನಿಂದ ಅಂಗಡಿಯವನೇನಲ್ಲ. ಹರೆಯದಲ್ಲಿ ಒಂದು ಬೀಗದ ಫ್ಯಾಕ್ಟರಿಯಲ್ಲಿ ಜೋಡಣೆ ವಿಭಾಗದಲ್ಲಿದ್ದ. ಒಂದು ಉದ್ದನೆಯ ಬೆಂಚು, ಅದಕ್ಕೆ ನಾಲ್ಕು ಜನ. ಅವನು ಪ್ರತಿ ಬೀಗವನ್ನೂ ಕಿವಿಯ ಹತ್ತಿರ ಹಿಡಿದು ಕೀ ತಿರುಗಿಸಿ, ಒಳಗಿನ ಪಿನ್ನುಗಳು ಕೂತ ಸದ್ದು ಕೇಳಿಯೇ ಪಾಸು ಮಾಡುತ್ತಿದ್ದದ್ದರಿಂದ ಅವನಿಗೆ 'ಕಿವಿ' ಎಂದು ಹೆಸರು ಬಿತ್ತು. ಅವನ ಎಡಕ್ಕೆ ಡುಮ್ಮ. ಬಲಕ್ಕೆ ವಕೀಲ. ವಕೀಲನೆಂದರೆ ಕರಿ ಕೋಟಿನವನಲ್ಲ, ಬೆಳಿಗ್ಗೆ ಹೌದು ಎಂದದ್ದನ್ನು ಮಧ್ಯಾಹ್ನ ಅಲ್ಲವೆಂದು ವಾದಿಸಿ ಗೆಲ್ಲುವವನು, ಅಷ್ಟೇ. ಕೊನೆಯಲ್ಲಿ, ತಯಾರಾದ ಬೀಗಗಳನ್ನು ಡಬ್ಬಕ್ಕೆ ತುಂಬುವ ಅಕ್ಕ. ವಯಸ್ಸಿನಲ್ಲಿ ಮೂವರಿಗಿಂತ ಹಿರಿಯಳು, ಬಾಯಲ್ಲಿಯೂ ಹಿರಿಯಳು. ಫ್ಯಾಕ್ಟರಿ ಮುಚ್ಚಿದ ದಿನ ಮ್ಯಾನೇಜರಿಗೆ ಇವರ ಮುಖ ನೋಡಲು ನಾಚಿಕೆಯಾಗಿ, "ಬೆಂಚಿನ ವೈಸುಗಳನ್ನ ಬಿಚ್ಕೊಂಡು ಹೋಗಿ" ಎಂದುಬಿಟ್ಟ. ಕೀಯನ್ನು ಅಲ್ಲಾಡದಂತೆ ಕಚ್ಚಿ ಹಿಡಿಯುವ ಆ ಕಬ್ಬಿಣದ ವೈಸು ಒಂದೊಂದೂ ಆರು ಕಿಲೋ. ನಾಲ್ವರೂ ತಮ್ಮ ತಮ್ಮ ವೈಸಿನ ಹಣೆಯ ಮೇಲೆ ನಾಲ್ಕು ಚುಕ್ಕೆ ಹೊಡೆದುಕೊಂಡರು, ಒಬ್ಬೊಬ್ಬರಿಗೆ ಒಂದೊಂದು. ಆಮೇಲೆ ದೇಶದ ನಾಲ್ಕು ಮೂಲೆಗೆ ಚದುರಿಹೋದರು.

ಬೀಗದಣ್ಣ ಅಂಗಡಿ ಹಿಡಿದದ್ದು ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ. ಎಡಕ್ಕೆ ಕನ್ನಡಕದಂಗಡಿ, ಬಲಕ್ಕೆ ಡ್ರೈ ಕ್ಲೀನರು. ಅಗಲ ಎಂಟಡಿ. ಹಿಂದಿನ ಗೋಡೆಯ ಹತ್ತಿರ ಹೋದರೆ ತಲೆ ಬಗ್ಗಿಸಬೇಕು, ಏಕೆಂದರೆ ಮೇಲೆ ಜನ ಹತ್ತಿ ಇಳಿಯುತ್ತಿರುತ್ತಾರೆ. ಕಟ್ಟಡದ ಮಾಲೀಕ ಸಂಬಳ ಬರುವವರ ಹೆಸರಿಗೇ ಬಾಡಿಗೆ ಕರಾರು ಬೇಕೆಂದು ಹಟ ಹಿಡಿದದ್ದರಿಂದ ಶಾಲೆಯಲ್ಲಿ ಗುಮಾಸ್ತೆಯಾಗಿದ್ದ ಹೆಂಡತಿಯ ಹೆಸರಲ್ಲಿ ಕಾಗದವಾಯಿತು. ಆ ಕಾಗದವನ್ನು ಅವನು ಮತ್ತೆ ತೆರೆದು ನೋಡಿದವನಲ್ಲ. ಷಟರ್ ಎತ್ತಿದ ಕೂಡಲೇ ಎದುರಿಗೆ ಕಾಣುವುದು ಇನ್ನೂ ಹಲ್ಲು ಕೊರೆಯದ ಖಾಲಿ ಕೀಗಳನ್ನು ಸಾಲಾಗಿ ನೇತುಹಾಕಿದ ಹಲಗೆ, ಅದರ ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ಹೆಂಡತಿ ಹೊಲಿದುಕೊಟ್ಟ ನೀಲಿ ದಿಂಬು. ಮೂವತ್ತೆಂಟು ವರ್ಷ ಬೆಳಿಗ್ಗೆ ಎದ್ದು ಅವನು ನೋಡಿದ್ದು ಅದನ್ನೇ. ಆರು ಸಲ ಆ ದಿಂಬಿನ ಬಟ್ಟೆ ಬದಲಾಗಿತ್ತು, ಬಣ್ಣ ಬದಲಾಗಲಿಲ್ಲ.

ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು, ಆ ಒಂದು ಬಾಗಿಲನ್ನು ತೆಗೆಯುವವರೆಗೆ.

ಒಬ್ಬ ಗಂಡಸು ಬಂದು ಕರೆದ. ನಯವಾದ ಮಾತು, ಇಸ್ತ್ರಿ ಮಾಡಿದ ಅಂಗಿ. ಪ್ರಶ್ನೆ ಕೇಳಿದ್ದಕ್ಕೆ ನೀರು ಕುಡಿದಷ್ಟು ಸಲೀಸಾಗಿ ಉತ್ತರ ಹೇಳಿದ: "ಎದುರಿಗೆ ಹಳದಿ ಪರದೆ, ಕೆಳಗಡೆ ಸುಟ್ಟ ಗುರುತಿದೆ." ಬೀಗದಣ್ಣ ತೆಗೆದ. ಹಳದಿ ಪರದೆ ಇತ್ತು, ಸುಟ್ಟ ಗುರುತೂ ಇತ್ತು. ಸಂಜೆ ಆ ಮನೆಯ ಹೆಂಗಸು ಕೆಲಸದಿಂದ ಬಂದಾಗ, ತಾನು ಹೊರಗೆ ಹಾಕಿ ಬೀಗ ಬದಲಿಸಿದ್ದ ಗಂಡ ಅಡುಗೆಮನೆಯಲ್ಲಿ ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಕೈ ಮಾಡಲಿಲ್ಲವಂತೆ, ಸುಮ್ಮನೆ ಕೂತಿದ್ದನಂತೆ. ಆಕೆಗೆ ಅಷ್ಟೇ ಸಾಕಾಯಿತು. ವಾರದೊಳಗೆ ಮನೆ ಬಿಟ್ಟು ಹೋದಳು.

ಪೊಲೀಸರು ಬೀಗದಣ್ಣನನ್ನು ಎರಡು ಸಲ ಕರೆಸಿ, ಬರೆಸಿಕೊಂಡು, ಗದರಿಸಿ ಬಿಟ್ಟರು. ಎರಡು ಸಲವೂ ಹೆಂಡತಿ ಠಾಣೆಯ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕೂತಿದ್ದಳು. ಅಲ್ಲಿಂದೀಚೆಗೆ ಅವನು ಇನ್ನೊಂದು ಪ್ರಶ್ನೆ ಸೇರಿಸಿದ: "ಈ ಬೀಗ ಹಾಕಿಸಿದ್ದು ಯಾರು?" ಎರಡಕ್ಕೂ ಉತ್ತರ ಬಾರದಿದ್ದರೆ ಚೀಲ ಎತ್ತಿಕೊಂಡು ವಾಪಸ್ಸು ಬರುತ್ತಿದ್ದ. ಆದರೆ ಮನೆಯಲ್ಲಿ ಅದು ಸಾಕಾಗಲಿಲ್ಲ.

"ಸಾಕು ಅಪ್ಪಾ," ಎಂದಳು ಮಗಳು. ಅವಳು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ. "ಅರವತ್ತಾರು ವರ್ಷ ಆಯ್ತು. ಕೈ ನಡುಗತ್ತೆ. ನಾಳೆ ಇನ್ಯಾರೋ ಬಂದು ಇನ್ನೇನೋ ಕಥೆ ಹೇಳ್ತಾನೆ."

"ಮೂವತ್ತೆಂಟು ವರ್ಷಕ್ಕೆ ಒಂದು ತಪ್ಪು ಕಣೇ ಪುಟ್ಟಿ. ನಿನ್ನ ಲ್ಯಾಬಲ್ಲಿ ವಾರಕ್ಕೆಷ್ಟು?"

"ರೀ, ಆ ಹೆಂಗಸಿನ ಮುಖ ನಂಗೆ ಕಣ್ಣು ಮುಚ್ಚಿದ್ರೂ ಕಾಣತ್ತೆ," ಎಂದಳು ಹೆಂಡತಿ.

"ನಂಗೂ ಕಾಣತ್ತೆ. ಅದಕ್ಕೇ ಇನ್ನೊಂದು ಪ್ರಶ್ನೆ ಕೇಳ್ತಿದ್ದೀನಲ್ಲ. ಅಂಗಡಿ ಮುಚ್ಚೋ ಮಾತು ಇನ್ನೊಂದ್ಸಲ ಎತ್ತಬೇಡಿ. ನಾನು ಹೋದ ಮೇಲೆ ಏನಾದ್ರೂ ಮಾಡ್ಕೊಳಿ."

ತಿಂಗಳುಗಟ್ಟಲೆ ಕಾಲು ಕೆರೆದುಕೊಂಡು ಜಗಳವಾಡಿದ ತಾಯಿ ಮಗಳು ಒಂದು ದಿನ ಇದ್ದಕ್ಕಿದ್ದಂತೆ ತಣ್ಣಗಾದರು. ಇಲ್ಲಿಯೇ ಅವನಿಗೆ ಅನುಮಾನ ಬರಬೇಕಿತ್ತು. ಬೀಗದೊಳಗಿನ ಕೂದಲೆಳೆಯಷ್ಟು ಸದ್ದು ಕೇಳುವ ಕಿವಿಗೆ ಮನೆಯೊಳಗಿನ ಮೌನ ಕೇಳಿಸಲಿಲ್ಲ. ಕೇಳಿಸಿದ್ದು ಹೆಂಡತಿಯ ಈ ಮಾತು ಮಾತ್ರ: "ಎಷ್ಟು ವರ್ಷದಿಂದ ಹೇಳ್ತಿದ್ದೀರಿ, ಕಾರಲ್ಲಿ ದೇಶ ಸುತ್ತಿ ಮೂರು ಜನ ದೋಸ್ತರನ್ನೂ ನೋಡಿ ಬರೋಣ ಅಂತ. ಹೊರಡೋಣ್ವಾ?"

ಅವನು ಹಿರಿಹಿರಿ ಹಿಗ್ಗಿದ. ಕಾರಿನ ಟೈರು ಬದಲಿಸಿದ, ಬ್ರೇಕು ನೋಡಿಸಿದ, ಡಿಕ್ಕಿಯ ಬೀಗಕ್ಕೆ ತಾನೇ ಎಣ್ಣೆ ಬಿಟ್ಟ. ಮೂವರಿಗೂ ಫೋನ್ ಮಾಡಿದರೆ, ಮೂವರೂ ಮೊದಲೇ ಗೊತ್ತಿದ್ದವರ ಹಾಗೆ "ಬಾ, ಬಾ" ಎಂದರು. ಹನ್ನೆರಡು ದಿನದ ಲೆಕ್ಕ. ಹೊರಡುವ ಮುನ್ನಾದಿನ ಅಂಗಡಿಯ ಕೀಗೊಂಚಲನ್ನು ಮಗಳ ಕೈಗಿಟ್ಟು, "ದಿನಾ ಒಂದ್ಸಲ ಷಟರ್ ಎತ್ತಿ ಗಾಳಿ ಆಡಕ್ಕೆ ಬಿಡು, ಖಾಲಿ ಕೀಗಳಿಗೆ ತೇವ ಹಿಡಿಯತ್ತೆ" ಎಂದ. ಮಗಳು ಗೊಂಚಲನ್ನು ಬ್ಯಾಗಿಗೆ ಹಾಕಿಕೊಂಡು, "ನೀವು ನಿಶ್ಚಿಂತೆಯಾಗಿ ಹೋಗಿ ಬನ್ನಿ ಅಪ್ಪಾ" ಎಂದಳು. ಅಪ್ಪನ ಮುಖ ನೋಡಿ ಹೇಳಲಿಲ್ಲ, ಬ್ಯಾಗಿನ ಜಿಪ್ಪು ನೋಡಿ ಹೇಳಿದಳು.

ಮೊದಲ ದಿನದ ದಾರಿಯೆಂದರೆ ನೆಟ್ಟಗೆ ಎಳೆದ ಗೆರೆ. ಎರಡೂ ಕಡೆ ಬಯಲು, ದೂರದಲ್ಲಿ ನೀರಿನ ಟ್ಯಾಂಕು, ಮತ್ತೆ ಬಯಲು. ಹೆಂಡತಿ ಕಿತ್ತಳೆ ಸುಲಿದು ಒಂದೊಂದೇ ತೊಳೆ ಅವನ ಬಾಯಿಗಿಡುತ್ತಿದ್ದಳು. ಅವನು ಫ್ಯಾಕ್ಟರಿಯ ಹಳೇ ಕಥೆಗಳನ್ನು ಹೇಳುತ್ತಿದ್ದ. ಅವಳು ನೂರು ಸಲ ಕೇಳಿದ ಕಥೆಗಳವು. ಆದರೂ ಅವತ್ತು ಎಲ್ಲಿ ನಗಬೇಕೋ ಅಲ್ಲಿ ನಕ್ಕಳು, ಒಂದು ಕಡೆಯೂ ತಪ್ಪಲಿಲ್ಲ.

ಡುಮ್ಮ ಈಗ ಡುಮ್ಮನಲ್ಲ. ಸಕ್ಕರೆ ಕಾಯಿಲೆ ಅವನನ್ನು ಹಿಂಡಿ ಒಣಗಿಸಿತ್ತು. ಹೆದ್ದಾರಿ ಪಕ್ಕದಲ್ಲಿ ಅವನದೊಂದು ಲಾರಿ ಸಾಮಾನಿನ ಅಂಗಡಿ, ಹಿಂದುಗಡೆಯೇ ಮನೆ. ಕಾರು ನಿಲ್ಲುವ ಮೊದಲೇ ಓಡಿ ಬಂದು, ಕಿಟಕಿಯೊಳಗೆ ಕೈ ಹಾಕಿ ಬೀಗದಣ್ಣನ ಕಿವಿ ಹಿಂಡಿದ.

"ಲೋ ಕಿವಿ! ಇನ್ನೂ ಕೇಳಿಸತ್ತೇನೋ?"

"ನಿನ್ನ ಗೊರಕೆ ಅಲ್ಲಿಂದಲೇ ಕೇಳಿಸ್ತಿತ್ತು, ಅದೇ ಗುರುತು ಹಿಡ್ಕೊಂಡು ಬಂದೆ."

ಎರಡು ರಾತ್ರಿ ಎಂದುಕೊಂಡದ್ದು ಮೂರಾಯಿತು. ಹೊರಡಬೇಕಾದ ಬೆಳಿಗ್ಗೆ ಡುಮ್ಮ ಬಂದು, ತನ್ನ ಗೋದಾಮಿನ ಬೀಗ ಕಚ್ಚಿಕೊಂಡಿದೆ, ನೀನು ಮುಟ್ಟಿದ ಹೊರತು ಆಗದು ಎಂದ. ಬೀಗದಣ್ಣ ಹೋಗಿ ನೋಡಿದರೆ ಬೀಗದೊಳಗೆ ಬೆಂಕಿಕಡ್ಡಿ ಮುರಿದಿತ್ತು. ಯಾರೋ ಬೇಕೆಂದೇ ತುರುಕಿದ ಕಡ್ಡಿ.

"ಯಾರೋ ಕಿಡಿಗೇಡಿ ಕೆಲಸ ಕಣೋ ಇದು," ಎಂದ ಬೀಗದಣ್ಣ.

"ಹೌದಾ?" ಎಂದ ಡುಮ್ಮ. ಅವನ ಕಿವಿ ಕೆಂಪಾಗಿತ್ತು.

ಬೀಗದಣ್ಣ ಬೀಗವನ್ನು ಪೂರ್ತಿ ಬಿಚ್ಚಿ, ತೊಳೆದು, ಹೊಸದರ ಹಾಗೆ ಮಾಡಿ ಕೊಟ್ಟ. ಗೆಳೆಯನಿಗೆ ಉಪಯೋಗಕ್ಕೆ ಬಂದೆನೆಂಬ ಖುಷಿಯಲ್ಲಿ ಆ ದಿನ ಎರಡು ಹೊತ್ತೂ ಹೊಟ್ಟೆ ತುಂಬ ಉಂಡ. ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಅಂಥ ಮನುಷ್ಯನ ಕಣ್ಣಿಗೆ ಮಣ್ಣೆರಚಲು ಅವನ ಬೀಗವಿದ್ಯೆಯನ್ನೇ ಹಿಡಿದರಲ್ಲ.

ಅಕ್ಕನ ಊರು ಬೆಟ್ಟದ ಮೇಲೆ. ಸುತ್ತಿ ಸುತ್ತಿ ಏರುವ ರಸ್ತೆ, ಒಂದು ಸುರಂಗ, ಆಮೇಲೆ ಇಳಿಜಾರಿನಲ್ಲಿ ಅಂಟಿಕೊಂಡಂತಿರುವ ಮನೆಗಳು. ಅಕ್ಕನಿಗೆ ಎಪ್ಪತ್ತೆರಡು. ಮಂಡಿ ನೋವು. ಒಬ್ಬಳೇ ಇದ್ದಾಳೆ, ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಾಳೆ. ಹಳೆಯ ವೈಸನ್ನು ಬಾಗಿಲಿಗೆ ಒರಗಿಸಿ ಗಾಳಿಗೆ ಬಡಿಯದಂತೆ ಮಾಡಿದ್ದಳು. ನಾಲ್ಕು ಚುಕ್ಕೆ ಹಾಗೆಯೇ ಇತ್ತು. ಬೀಗದಣ್ಣ ಬಗ್ಗಿ ಅದನ್ನು ಹೆಬ್ಬೆರಳಿನಿಂದ ಒರೆಸಿದ.

ಅಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಊಟಕ್ಕೆ ಬಡಿಸುವಾಗ ಅವನ ಕಡೆ ನೋಡದೆ ಬಡಿಸಿದಳು, ಹಾಗಾಗಿ ಮೂರು ಸಲ ಬಡಿಸಿದಳು. "ಇನ್ನೆರಡು ದಿನ ಇರಿ, ನನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು" ಎಂದಳು. ಡಾಕ್ಟರು ನೋಡಿ, ಹೋದ ವಾರ ಹೇಳಿದ್ದನ್ನೇ ಮತ್ತೆ ಹೇಳಿದರು. ಸಂಜೆ ಬೀಗದಣ್ಣ ನೀರು ಕುಡಿಯಲು ಅಡುಗೆಮನೆ ಕಡೆ ಬಂದಾಗ ಒಳಗೆ ಅಕ್ಕನ ಪಿಸುಮಾತು ಕೇಳಿಸಿತು:

"ಹೇಳ್ಬಿಡು. ನನ್ನ ಕೈಲಿ ಆಗಲ್ಲ. ಅವನ ಮುಖ ನೋಡಕ್ಕಾಗಲ್ಲ ನಂಗೆ."

"ಮನೆಗೆ ಹೋದ್ಮೇಲೆ ಹೇಳ್ತೀನಿ," ಎಂದಳು ಹೆಂಡತಿ.

ಬೀಗದಣ್ಣ ನೀರು ಕುಡಿಯದೆ ವಾಪಸ್ಸು ಬಂದ. ಹೆಂಡತಿಗೇ ಏನೋ ಕಾಯಿಲೆ ಎಂದುಕೊಂಡುಬಿಟ್ಟ. ಅಕ್ಕನಿಗೆ ಗೊತ್ತು, ಡುಮ್ಮನಿಗೂ ಗೊತ್ತಿರಬೇಕು. ಕೊನೆಯ ಸಲ ಎಲ್ಲರನ್ನೂ ನೋಡಿಬಿಡೋಣವೆಂದೇ ಇವಳು ಹೊರಟಿದ್ದಾಳೆ. ಮರುದಿನ ಬೆಟ್ಟ ಇಳಿಯುವಾಗ ಪ್ರತಿ ತಿರುವಿನಲ್ಲೂ ನಿಧಾನ ಮಾಡಿದ, ಅವಳ ಬೆನ್ನಿಗೆ ದಿಂಬು ಕೊಟ್ಟ, ತಾನೇ ಕಿತ್ತಳೆ ಸುಲಿದು ಕೊಟ್ಟ. ಅವಳು ತಿನ್ನದೆ ಕೈಯಲ್ಲೇ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಾ ಕೂತಳು. ಕಣ್ಣಲ್ಲಿ ನೀರಿತ್ತು. ಹೇಳುವ ಹೊತ್ತಿಗೆ ಅವಳೇ ಹೇಳಲಿ, ಅಲ್ಲಿಯವರೆಗೆ ತಾನು ಗಟ್ಟಿಯಾಗಿರಬೇಕು ಎಂದುಕೊಂಡ. ನಡುವೆ ಮಗಳಿಗೆ ಫೋನ್ ಮಾಡಿದಾಗಲೂ ಅಂಗಡಿಯ ಬಗ್ಗೆ ಒಂದೇ ಮಾತು ಕೇಳಿದ: "ಷಟರ್ ಎತ್ತುತಿದ್ದೀಯಾ?" "ಎತ್ತುತಿದ್ದೀನಪ್ಪಾ, ದಿನಾ ಎತ್ತುತಿದ್ದೀನಿ," ಎಂದಳು. ಅದಂತೂ ಸುಳ್ಳಲ್ಲ.

ವಕೀಲನ ಮನೆ ಸಮುದ್ರದ ದಂಡೆಯ ಊರಿನಲ್ಲಿ. ಅವನು ಅಲ್ಲಿಯ ಕೈಗಾರಿಕಾ ತರಬೇತಿ ಕೇಂದ್ರದಲ್ಲಿ ಪಾಠ ಮಾಡಿ ನಿವೃತ್ತನಾಗಿದ್ದರೂ ವಾರಕ್ಕೆರಡು ದಿನ ಹೋಗಿ ಎಲ್ಲರ ತಲೆ ತಿಂದು ಬರುತ್ತಿದ್ದ. ಮೊದಲು ಹಾಕಿಕೊಂಡ ಲೆಕ್ಕದ ಪ್ರಕಾರ ಇವರು ಶನಿವಾರವೇ ಅಲ್ಲಿಂದ ಹೊರಟಿರಬೇಕಿತ್ತು. ಡುಮ್ಮನ ಬೆಂಕಿಕಡ್ಡಿಗೆ ಒಂದು ದಿನ, ಅಕ್ಕನ ಮಂಡಿಗೆ ಎರಡು ದಿನ ಹೋಗಿ, ಸೋಮವಾರ ಬೆಳಿಗ್ಗೆ ಇನ್ನೂ ವಕೀಲನ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. ಗೇಟಿನ ಮುಂದೆ ಪಾರ್ಸೆಲ್ ಲಾರಿ ನಿಂತಿತು.

ವಕೀಲ ಸ್ನಾನಕ್ಕೆ ಹೋಗಿದ್ದ. ಲಾರಿಯವನು ಮರದ ಪೆಟ್ಟಿಗೆಯೊಂದನ್ನು ಜಗಲಿಗೆ ತಂದು ಕುಕ್ಕಿ, "ಯಾರಾದ್ರೂ ಸೈನ್ ಮಾಡಿ" ಎಂದ. ಬೀಗದಣ್ಣ ಗೆಳೆಯನ ಪರವಾಗಿ ಪೆನ್ನು ತೆಗೆದುಕೊಂಡ. ಸಹಿ ಹಾಕುವ ಜಾಗದ ಮೇಲ್ಗಡೆ ಕಳಿಸಿದವರ ವಿಳಾಸವಿತ್ತು. ಅವನದೇ ಮನೆಯ ವಿಳಾಸ. ಅಕ್ಷರ ಮಗಳದು.

ಏನೋ ಉಡುಗೊರೆ ಕಳಿಸಿದ್ದಾಳೆ ಎಂದುಕೊಂಡ, ಪಾಪ. ಹಾಗೆಂದುಕೊಂಡೇ ಸಹಿ ಹಾಕಿದ, ನಗುತ್ತಲೇ ಮುಚ್ಚಳ ಎಬ್ಬಿಸಿದ. ಮೇಲುಗಡೆಯೇ ನೀಲಿ ದಿಂಬು. ದಿಂಬನ್ನು ಎತ್ತಿದರೆ ಅದರ ಬಟ್ಟೆ ಹರಿಯುವಷ್ಟು ಭಾರ. ಒಳಗಿನ ಹತ್ತಿ ತೆಗೆದು, ಅದರ ಜಾಗದಲ್ಲಿ ವೈಸನ್ನು ತುರುಕಿದ್ದರು. ಹಣೆಯ ಮೇಲೆ ನಾಲ್ಕು ಚುಕ್ಕೆ. ಕೆಳಗೆ ಕಾಗದದಲ್ಲಿ ಸುತ್ತಿಟ್ಟ, ಅವನು ಕೀ ಉಜ್ಜುವ ಹದಿನಾಲ್ಕು ಅರಗಳು, ಸುತ್ತಿಗೆಗಳು, ಅದರ ಕೆಳಗೆ ಖಾಲಿ ಕೀಗಳ ಹಲಗೆ. ಹಲಗೆಯನ್ನು ಪೆಟ್ಟಿಗೆಗೆ ಹಿಡಿಸಲು ಎರಡು ತುಂಡು ಮಾಡಿದ್ದರು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ಅವನಿಗೆ ಕೇಳಲು ಹೆಚ್ಚೇನೂ ಉಳಿಯಲಿಲ್ಲ.

"ನಿಂಗೆ ಕಾಯಿಲೆ ಇಲ್ಲ ಅಲ್ವಾ?" ಎಂದ.

"ಕಾಯಿಲೆನಾ? ಇಲ್ಲ ರೀ. ಯಾರಂದ್ರು?"

"ಯಾರೂ ಅನ್ನಲಿಲ್ಲ." ಅವನು ದಿಂಬನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತ. "ಅಂಗಡಿ?"

"ಬಿಟ್ಟುಕೊಟ್ವಿ. ಕಾಗದ ನನ್ನ ಹೆಸರಲ್ಲಿತ್ತಲ್ಲ, ಹೊರಡೋ ಮುಂಚೆನೇ ಸೈನ್ ಹಾಕಿದ್ದೆ. ಮಾಲೀಕರು ಬಣ್ಣ ಹೊಡ್ಸೋದು ತಡ ಮಾಡಿದ್ರು, ಅದಕ್ಕೇ..."

"ಅದಕ್ಕೇ ಅಕ್ಕನ ಮಂಡಿ ನೋವು ಬಂತು."

ಅವಳು ಬಗ್ಗಿ ಪೆಟ್ಟಿಗೆಯ ಮುಚ್ಚಳ ಎತ್ತಿಟ್ಟಳು.

ತಾಯಿ ಮಗಳಿಬ್ಬರೂ ಸೇರಿ ಎಲ್ಲವನ್ನೂ ನೀಟಾಗಿ ಹೂಡಿದ್ದರು, ಒಂದು ಎಡವಟ್ಟಿನ ಹೊರತು. ಸಾಮಾನು ಗುಜರಿಗೆ ಹೋಗಬಾರದು, ಬೆಲೆ ಗೊತ್ತಿರುವವರ ಕೈ ಸೇರಬೇಕು ಎಂದು ಹೆಂಡತಿಯ ಆಸೆ. ವಕೀಲ ಅದನ್ನು ತರಬೇತಿ ಕೇಂದ್ರಕ್ಕೆ ಒಪ್ಪಿಸುವುದು, ಇವರು ಶನಿವಾರ ಹೊರಟ ಮೇಲೆ ಪೆಟ್ಟಿಗೆ ಸೋಮವಾರ ತಲುಪುವುದು ಎಂದು ಮಾತು. ಗೆಳೆಯರ ಕೈಲಿ ಅವನನ್ನು ಮೂರು ದಿನ ತಡೆಸಿದವರು, ಪೆಟ್ಟಿಗೆಯನ್ನು ಮೂರು ದಿನ ತಡೆಯುವುದನ್ನು ಮಾತ್ರ ಮರೆತರು. ಹೋಗಲಿ, ಮರೆಯದಿದ್ದರೆ ಏನಾಗುತ್ತಿತ್ತು? ಇನ್ನು ನಾಲ್ಕು ದಿನ ಅವನು ಕಿತ್ತಳೆ ತಿಂದುಕೊಂಡು ಬರುತ್ತಿದ್ದ, ಅಷ್ಟೇ.

ವಕೀಲ ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದವನು ಪೆಟ್ಟಿಗೆ ನೋಡಿ ಅಲ್ಲೇ ನಿಂತ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ವಾದ ಹೊಳೆಯಲಿಲ್ಲ. ಕೊನೆಗೆ, "ನಿನ್ನ ಒಳ್ಳೇದಕ್ಕೇ ಕಣೋ ಕಿವಿ. ಅತ್ತಿಗೆ ಎಷ್ಟು ಅತ್ತುಕೊಂಡ್ರು ಗೊತ್ತಾ ಫೋನಲ್ಲಿ," ಎಂದ.

"ನನ್ನ ಅಂಗಡಿ ವಿಷಯ ನೀವೆಲ್ಲ ಕೂತು ಮಾತಾಡಿದ್ರಿ. ಡುಮ್ಮ ಇದ್ದ, ಅಕ್ಕ ಇದ್ಲು, ನೀನಿದ್ದೆ, ನನ್ನ ಹೆಂಡತಿ, ನನ್ನ ಮಗಳು. ನನ್ನೊಬ್ಬನ್ನ ಕರೀಬೇಕು ಅಂತ ಒಬ್ಬರಿಗೂ ಹೊಳೀಲಿಲ್ವಲ್ಲೋ."

"ಕೇಳಿದ್ರೆ ನೀವು ಒಪ್ತಿದ್ರಾ?" ಎಂದಳು ಹೆಂಡತಿ.

"ಇಲ್ಲ."

"ಅದಕ್ಕೇ ಕೇಳಲಿಲ್ಲ."

"ಒಪ್ಪಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕೇ ಕೇಳಬೇಕಿತ್ತು."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವರಿಗೂ ಸಮಾಧಾನವಾಗುತ್ತಿತ್ತು. ವೈಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿಟ್ಟ. ಅರಗಳನ್ನೂ ತುಂಡಾದ ಹಲಗೆಯನ್ನೂ ಮುಟ್ಟಲಿಲ್ಲ. "ಉಳಿದದ್ದು ಇಟ್ಕೋ. ಒಳ್ಳೇ ಅರ, ಚೆನ್ನಾಗಿ ನೋಡ್ಕೋ," ಎಂದು ವಕೀಲನಿಗೆ ಹೇಳಿ ಕಾರು ಹತ್ತಿದ.

ವಾಪಸ್ಸು ಬರುವ ನಾಲ್ಕು ದಿನ ಕಾರಿನಲ್ಲಿ ಮಾತೆಂದರೆ "ಪೆಟ್ರೋಲು", "ಟೀ", "ಹೂಂ" ಇಷ್ಟೇ. ತಿರುವುಗಳಲ್ಲಿ ವೈಸು ಹಿಂದಿನ ಸೀಟಿನ ಮೇಲೆ ಆ ಕಡೆಗೂ ಈ ಕಡೆಗೂ ಹೊರಳುತ್ತಿತ್ತು. ಹೆಂಡತಿ ಎರಡು ಸಲ ಕೈ ಹಿಂದೆ ಚಾಚಿ ಅದನ್ನು ಹಿಡಿದುಕೊಂಡಳು. ಅವನಿಗೆ ಅಂಗಡಿ ಹೋದದ್ದಕ್ಕಿಂತ ಆ ಕಿತ್ತಳೆ ತೊಳೆಗಳೇ ಹೆಚ್ಚು ಉರಿಯುತ್ತಿದ್ದವು. ಸೈನ್ ಹಾಕಿದ ಕೈಯಲ್ಲೇ ಸುಲಿದು ತಿನ್ನಿಸಿದಳಲ್ಲ. ನಕ್ಕಳಲ್ಲ, ಒಂದು ಕಡೆಯೂ ತಪ್ಪದೆ. ಅವಳಿಗೆ ಕಾಯಿಲೆ ಎಂದು ತಾನು ರಾತ್ರಿಯೆಲ್ಲ ಅವಳ ಉಸಿರು ಕೇಳುತ್ತಾ ಮಲಗಿದ್ದೆನಲ್ಲ. ಮೋಸ ಹೋದೆ ಎನ್ನುವುದಕ್ಕಿಂತ, ಎಲ್ಲರೂ ಸೇರಿ ತನ್ನನ್ನು ಪೆದ್ದು ಮಾಡಿದರು ಎನ್ನುವುದು ಅವನನ್ನು ಹೆಚ್ಚು ಕೊರೆಯುತ್ತಿತ್ತು. ಇನ್ನೊಂದು ಕಡೆ, ಠಾಣೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವಳೂ ಇವಳೇ ಎಂಬುದು ನೆನಪಾಗುತ್ತಿತ್ತು. ನೆನಪಾದಾಗ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಬೆಟ್ಟದ ತಿರುವು ಬಂತು, ಹತ್ತಲಿಲ್ಲ. ಡುಮ್ಮನ ಅಂಗಡಿ ಬಂತು, ನಿಲ್ಲಿಸಲಿಲ್ಲ. ಡುಮ್ಮ ರಸ್ತೆ ಬದಿಯಲ್ಲೇ ನಿಂತಿದ್ದ, ಎಷ್ಟು ಹೊತ್ತಿನಿಂದ ನಿಂತಿದ್ದನೋ. ಎತ್ತಿದ ಕೈ ಎತ್ತಿದಂತೆಯೇ ಕನ್ನಡಿಯಲ್ಲಿ ಚಿಕ್ಕವನಾಗುತ್ತಾ ಹೋದ. ಅಕ್ಕ ಫೋನ್ ಮಾಡಿದಾಗ ಮಾತ್ರ ಬೀಗದಣ್ಣ ಎತ್ತಿದ.

"ನಾನು ಹೇಳಬೇಕಿತ್ತು ಕಣೋ," ಎಂದಳು ಅಕ್ಕ.

"ಹೂಂ ಅಕ್ಕಾ, ಹೇಳಬೇಕಿತ್ತು," ಎಂದು ಇಟ್ಟುಬಿಟ್ಟ.

ಊರು ಸೇರಿದಾಗ ಮಟಮಟ ಮಧ್ಯಾಹ್ನ. ಅವನು ಮನೆ ಕಡೆ ತಿರುಗದೆ ನೇರವಾಗಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಕನ್ನಡಕದಂಗಡಿಯವನು ಬಾಗಿಲಿಗೆ ಬಂದು, ನೋಡಿ, ಏನೋ ನೆನಪಾದವನಂತೆ ಒಳಗೆ ಹೋದ. ಷಟರಿಗೆ ಬೂದು ಬಣ್ಣ ಹೊಡೆದಿದ್ದರು. 'ಬೀಗ ರಿಪೇರಿ' ಎಂದಿದ್ದ ಬೋರ್ಡನ್ನು ಬಿಳಿ ಬಳಿದು ಮುಚ್ಚಿದ್ದರು, ಹೊಸ ಅಕ್ಷರ ಇನ್ನೂ ಬರೆದಿರಲಿಲ್ಲ. ಕೆಳಗೆ ಥಳಥಳಿಸುವ ಹೊಸ ಬೀಗ. ಅದು ಅಗ್ಗದ ಮಾಲೆಂದು ಅವನಿಗೆ ನಿಂತಲ್ಲಿಂದಲೇ ತಿಳಿಯಿತು. ಅದಕ್ಕೆ ಎರಡು ನಿಮಿಷವೂ ಬೇಕಿರಲಿಲ್ಲ.

ಹೆಂಡತಿ ಕಾರಿನಿಂದ ಇಳಿದು ಪಕ್ಕಕ್ಕೆ ಬಂದಳು. ನಾಲ್ಕು ದಿನದಲ್ಲಿ ಮೊದಲ ಸಲ ಅವನ ತೋಳು ಮುಟ್ಟಿದಳು.

"ತೆಗೀರಿ," ಎಂದಳು. "ಒಂದ್ಸಲ ಒಳಗೆ ಹೋಗಿ ನೋಡ್ಬಿಡಿ. ಯಾರಾದ್ರೂ ಕೇಳಿದ್ರೆ ನಾನು ಜವಾಬು ಹೇಳ್ತೀನಿ. ಮನಸ್ಸಿಗೆ ಸಮಾಧಾನ ಆಗತ್ತೆ."

ಅವನು ಜೇಬಿನಿಂದ ಎರಡು ತಂತಿ ತೆಗೆದ. ಮಂಡಿಯೂರಿ ಕೂತು, ಬೀಗಕ್ಕೆ ಕಿವಿ ತಾಗಿಸಿ, ತಂತಿಗಳನ್ನು ಒಳಗೆ ಬಿಟ್ಟ. ಕೈ ನಡುಗಲಿಲ್ಲ. ಮೊದಲನೇ ಪಿನ್ನು ಕೂತಿತು. ಎರಡನೆಯದೂ ಕೂತಿತು. ಮೂರನೆಯದರ ಮೇಲೆ ತಂತಿ ಇಟ್ಟವನು ಕೈ ತಡೆದ. ಹೆಂಡತಿಯ ಕಡೆ ತಿರುಗದೆ ಕೇಳಿದ:

"ಬಾಗಿಲು ತೆಗೆದ ಕೂಡಲೇ ಎದುರಿಗೆ ಏನಿದೆ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, "ಕೀ ಹಲಗೆ," ಎಂದಳು. "ಅದರ ಕೆಳಗೆ ಸ್ಟೂಲು. ಸ್ಟೂಲ್ ಮೇಲೆ ನೀಲಿ..."

"ಅದು ಆಗ ಇದ್ದದ್ದು. ಈಗ ಏನಿದೆ?"

"ಗೊತ್ತಿಲ್ಲ ರೀ."

"ಈ ಬೀಗ ಹಾಕಿಸಿದ್ದು ಯಾರು?"

ಮೇಲೆ ಮೆಟ್ಟಿಲ ಮೇಲೆ ಯಾರೋ ಇಳಿದು ಹೋದರು.

"ಬೀಗ ಮಾಲೀಕರದು. ಹಾಕಿಸಿದ್ದು ನಾನು."

ಅವನು ತಂತಿಗಳನ್ನು ಹೊರಗೆಳೆದ. ಕೂತಿದ್ದ ಎರಡು ಪಿನ್ನುಗಳು ಒಳಗೆ ವಾಪಸ್ಸು ಬಿದ್ದದ್ದು ಅವನಿಗೆ ಕೇಳಿಸಿತು. ಷಟರ್ ಹಿಡಿದುಕೊಂಡು ಎದ್ದು, ಮಂಡಿಯ ಧೂಳು ಕೊಡವಿಕೊಂಡ.

"ಒಳಗೆ ಏನಿದೆ ಅಂತ ನಂಗೂ ಗೊತ್ತಿಲ್ಲ. ಬೀಗ ಹಾಕಿಸಿದ್ದೂ ನಾನಲ್ಲ. ಅಂಥೋರಿಗೆ ನಾನು ತೆಗೆಯಲ್ಲ," ಎಂದ.

ನಂತರ ಅವಳ ಕೈ ಹಿಡಿದು, ಬೆರಳು ಬಿಡಿಸಿ, ಅಂಗೈ ಮೇಲೆ ಆ ಎರಡು ತಂತಿಗಳನ್ನಿಟ್ಟ.

"ಪೆಟ್ಟಿಗೆಗೆ ಹಾಕೋವಾಗ ಇದೊಂದು ಉಳ್ಕೊಂಡಿತ್ತು ನೋಡು. ಇದನ್ನೂ ವಕೀಲನಿಗೆ ಕಳಿಸಿಬಿಡು."

ಕಾರಿನ ಕೀಯನ್ನೂ ಅವಳ ಕೈಗೇ ಕೊಟ್ಟು, ಅವನು ಮನೆಯ ದಾರಿ ಹಿಡಿದು ನಡೆದುಕೊಂಡು ಹೋದ.